ಡಾಕ್ಟರ್ ಮುಂದೆ ಕೂತ ಜಾಣೆ

ಬಬಲ್‌ಗಮ್ ವಾಸನೆಯ ಪಿಂಕ್ ಆಂಟಿಬಯಾಟಿಕ್ ಸಿರಪ್ ಎಲ್ಲಿ ಕಂಡರೂ ನನಗೆ ಅಮೆರಿಕದಲ್ಲಿ ಮಗಳಿರುವ ಊರು ಸೆಂಟರ್‌ವಿಲ್‌ನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮೊಮ್ಮಗಳು ಅನು ಆಗ ಸೆಕೆಂಡ್ ಗ್ರೇಡ್. ಗಂಟಲುನೋವು ಬಂದು ಹೋದಮೇಲೆ ಅವಳ ಕಣ್ಣು ಪಟಪಟನೆ ಮಿಟುಕುತ್ತಿತ್ತು, ಭುಜ ತಾನಾಗಿ ಹಾರುತ್ತಿತ್ತು; ಪುಸ್ತಕದ ಮೇಲೆ ಗಮನವೇ ನಿಲ್ಲುತ್ತಿರಲಿಲ್ಲ. ಇದು ಒಳಗೆ ಉಳಿದ ಆ ಗಂಟಲಿನ ಸೋಂಕಿನದೇ ಕೆಲಸ ಎಂದು ಮಗಳಿಗೆ ಖಾತ್ರಿ. ಔಷಧಿ ಕೇಳಲು ಮಗಳು, ಅಳಿಯ, ನಾನು ಮೂವರೂ ಅವಳನ್ನು ಕ್ಲಿನಿಕ್ಕಿಗೆ ಕರೆದೊಯ್ದೆವು. ಅಲ್ಲಿ ಅನು, ಚಿಕ್ಕಂದಿನಲ್ಲಿ ನಮ್ಮ ಕಾನ್ವೆಂಟ್ ಶಾಲೆಯ ತರಗತಿಗೆ ಮದರ್ ಸುಪೀರಿಯರ್ ಬಂದಾಗ ನಾವು ಕೂರುತ್ತಿದ್ದ ಹಾಗೆ, ಅಲುಗದೆ ಕೂತುಬಿಟ್ಟಳು.

"ಶಿ ಲುಕ್ಸ್ ಫೈನ್ ಟು ಮಿ," ಎಂದರು ಡಾಕ್ಟರ್. ಇನ್ನು ಔಷಧಿ ಸಿಗಲಾರದೆಂದು ಮಗಳ ಕಣ್ಣು ತುಂಬಿಬಂತು.

ಅನುವಿನ ಬಿಗಿದ ಮುಷ್ಟಿ ನನಗೆ ಕಂಡಿತು. "ಬಲವಂತವಾಗಿ ತಡ್ಕೊಂಡಿದ್ದೀಯೇನೇ ಪುಟ್ಟಿ?"

"ಡಾಕ್ಟರ್ ಹತ್ರ ಜಾಣೆ ಥರ ಕೂತ್ಕೋ ಅಂತ ಅಮ್ಮ ಸೆಡ್. ಇಟ್ಸ್ ಸೋ ಹಾರ್ಡ್, ಅಜ್ಜಿ."

"ಅಯ್ಯೋ ನನ್ನ ಬಂಗಾರ, ಬಿಟ್ಬಿಡೇ!" ಎಂದಳು ಮಗಳು.

ಅನು ಉಸಿರು ಬಿಟ್ಟಳು. ಕಣ್ಣು, ಕತ್ತು, ಭುಜ ಎಲ್ಲ ಒಟ್ಟಿಗೆ ಕುಣಿದವು. ಡಾಕ್ಟರ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಓಪನ್ ವೈಡ್, ಸ್ವೀಟಿ," ಎಂದು ಗಂಟಲಿಗೆ ಟಾರ್ಚ್ ಹಿಡಿದರು. ಆ ಭುಜ ನಿಲ್ಲಲೆಂದು ವಾರಗಟ್ಟಲೆ ದೇವರಿಗೆ ಮೊರೆಯಿಟ್ಟಿದ್ದ ನಾವು ಮೂವರೂ, ಅದು ಕುಣಿಯುವುದನ್ನು ನೋಡಿ ನಿರಾಳವಾಗಿ ನಕ್ಕೆವು.