ಹಂದಿ ಬಾರದ ಶಾಟ್

ಮುದುಕಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬ ಅನುಮಾನ ನಯನಾಗೆ ಹುಟ್ಟಿದ್ದು ಹನ್ನೊಂದನೆಯ ದಿನ, ತಟ್ಟೆಗೆ ಮೂರನೇ ಮುದ್ದೆ ಬಿದ್ದಾಗ. ಇಷ್ಟೊಂದು ಉಪಚಾರವನ್ನು ಯಾರೂ ಸುಮ್ಮನೆ ಮಾಡುವುದಿಲ್ಲ.

"ತಿನ್ನವ್ವ. ಸೊರಗಿ ಕಡ್ಡಿಯಾದ್ರೆ ಯಾರ ಕಣ್ಗೆ ಕಾಣ್ಸೀಯೆ?" ಎಂದಳು ಪುಟ್ಟಸಿದ್ದಮ್ಮ.

ಮೈಸೂರಿನ ನಯನಾ ಒಬ್ಬಳೇ ತೆಗೆಯುತ್ತಿದ್ದ ಪ್ರಾಯೋಗಿಕ ಸಾಕ್ಷ್ಯಚಿತ್ರದ ಹೆಸರು 'ಸಮತೋಲನ'. ಇಡೀ ಚಿತ್ರಕ್ಕೆ ಒಂದೇ ಶಾಟ್. ಎಡಕ್ಕೆ ಗೋಪಾಲಸ್ವಾಮಿ ಬೆಟ್ಟದ ಕಾಡು: ಪ್ರಕೃತಿ. ಬಲಕ್ಕೆ ಪುಟ್ಟಸಿದ್ದಮ್ಮನ ಕಡಲೆಕಾಯಿ ಹೊಲ, ಪಂಪ್‌ಸೆಟ್ಟು, ಆಚೆ ಗುಂಡ್ಲುಪೇಟೆಯ ಲಾರಿಗಳು: ಅಭಿವೃದ್ಧಿ. ಕಾಡುಹಂದಿಗಳು ಎಡದಿಂದ ಬಲಕ್ಕೆ ದಾಟಬೇಕು. ಮನುಷ್ಯನ ಕೈವಾಡ ಸೊನ್ನೆ. ಹೋದ ವರ್ಷ ಅರ್ಧ ಬೆಳೆಯನ್ನು ಹಂದಿಗಳೇ ತಿಂದಿದ್ದವೆಂದು ಕೇಳಿಯೇ ಅವಳು ಈ ಹೊಲ ಆರಿಸಿದ್ದಳು. ಶುಕ್ರವಾರದೊಳಗೆ ಚಿತ್ರ ಕಳಿಸದಿದ್ದರೆ ಚಿತ್ರೋತ್ಸವಕ್ಕೆ ಅವಕಾಶವಿಲ್ಲ.

ಹಂದಿಗಳು ಬರಲಿಲ್ಲ.

"ನಾಳೆ ಬತ್ತವೆ ಕಣವ್ವ. ನೀನು ಮಾತ್ರ ಹೊಲ ಬುಟ್ಟು ಕದಲ್ಬ್ಯಾಡ."

ನಯನಾ ತಂದಿದ್ದ ಎಲೆಹಸಿರು ಅಂಗಿಯನ್ನು ಮುದುಕಿ ಮೊದಲ ದಿನವೇ ಬಿಚ್ಚಿಸಿ, ಗಂಡನ ಹಳೆಯ ಕೆಂಪು ಸ್ವೆಟರು ತೊಡಿಸಿದ್ದಳು. "ಅಂದಿಗೋಳ್ಗೆ ಕೆಂಪು ಅಂದ್ರೆ ಆಸೆ." ದಿನಕ್ಕೊಂದು ಮೂಲೆಗೆ ಟ್ರೈಪಾಡನ್ನು ತಾನೇ ಹೊತ್ತು ಇಡುತ್ತಿದ್ದಳು. ಗಳಿಗೆಗೊಮ್ಮೆ ಗುಡಿಸಲಿನಿಂದ ಕೂಗುತ್ತಿದ್ದಳು: "ಅಮ್ಮೀ, ತೂಕಡಿಸ್ಬ್ಯಾಡ, ಎದ್ದು ಕೈ ಬೀಸು!"

"ಕೈ ಬೀಸಿದ್ರೆ ಹೆದರಲ್ವಾ, ಅಜ್ಜಿ?"

"ಮರ್ವಾದೆ ಇರೋ ಅಂದಿಗೋಳು. ಕರೀದೆ ಬರಲ್ಲ."

ಮುದುಕಿಗೆ ಸಿನಿಮಾದ ಹುಚ್ಚು, ಚಿತ್ರೀಕರಣ ಮುಗಿಯುವುದೇ ಬೇಡವಾಗಿದೆ ಎಂದು ನಯನಾ ತೀರ್ಮಾನಿಸಿದಳು. ಪಾಪ ಎನಿಸಿತು. ಎದ್ದು ಕೈ ಬೀಸಿದಳು.

ಮರುದಿನ, ಗುರುವಾರ, ಕಡಲೆಕಾಯಿ ಪೂರ್ತಿ ಕಿತ್ತಾಯಿತು. ಒಂದು ಗಿಡವೂ ಹಾಳಾಗಿರಲಿಲ್ಲ. ಚಿತ್ರೋತ್ಸವಕ್ಕೆ ಕಳಿಸಲು ನಯನಾಳ ಬಳಿ ಉಳಿದದ್ದು ನಲವತ್ತು ಗಂಟೆಗಳಷ್ಟು ಗಾಳಿ. ಟ್ರೈಪಾಡ್ ಮಡಚತೊಡಗಿದಳು.

ಪಕ್ಕದ ಹೊಲದ ಶಿವಮಲ್ಲಪ್ಪ ಬದುವಿನ ಮೇಲೆ ಬಂದು ನಿಂತ.

"ಪುಟ್ಟಸಿದ್ದಕ್ಕ, ನಿಂದು ಮುಗೀತಲ್ಲ. ನಂದಿನ್ನೂ ಒಂದು ವಾರ ಅದೆ. ಬೆದರುಬೊಂಬೆನ ನಮ್ಮ ಕಡೀಕೆ ಕಳಿಸ್ಬುಡು."

ನಯನಾ ಬೋಳು ಹೊಲದ ಸುತ್ತ ಕಣ್ಣಾಡಿಸಿದಳು. ಬೆದರುಬೊಂಬೆ ಎಲ್ಲೂ ಇರಲಿಲ್ಲ.

"ಕರ್ಕಂಡೋಗು ಕಣ್ಲಾ," ಎಂದಳು ಪುಟ್ಟಸಿದ್ದಮ್ಮ. "ಒತ್ತಿಗೆ ಮೂರು ಮುದ್ದೆ ಮಾತ್ರ ತಪ್ಪುಸ್ಬ್ಯಾಡ."