ಬೇವೂರ ಮಾಸ್ತರರ ಹೊಸ ಭುಜ

ಬೇವೂರ ಮಾಸ್ತರರ ಚಟ್ಟ ಎತ್ತಲು ನೆರೆಮನೆಯ ಪರಸಪ್ಪ ಬಗ್ಗಿದ್ದೇ ತಡ, ಅವನ ಬಲಭುಜದ ಸ್ನಾಯುಗಳು ಎಂದಿನಂತೆ ಜಗಳ ತೆಗೆದವು.

"ಕೈ ಎತ್ತಾಕ ಮೊದಲ ಜಗ್ಗೂದು ನಾ, ಹೆಸರು ಮಾತ್ರ ಮ್ಯಾಲಿನ ದಪ್ಪನ್ನ ಸ್ನಾಯುದು," ಎಂದಿತು ಎಲುಬಿನ ಸೂರಿನಡಿಯ ಸಣ್ಣ ಸ್ನಾಯು. "ಅದೂ ಈ ಮಾಸ್ತರಗ? ಮೂವತ್ತು ವರ್ಷ ಕೈ ಎತ್ತಿ ನಮಸ್ಕಾರ ಹೇಳೇವಿ. ಒಮ್ಮೆರ ತಿರುಗಿ ಎತ್ಯಾನೇನು?"

ಭುಜದ ಕೀಲಿನ ಗುಂಡನ್ನು ಹಿಡಿದಿಟ್ಟುಕೊಂಡಿದ್ದ ಉಳಿದ ಮೂರು ಸಣ್ಣ ಸ್ನಾಯುಗಳೂ ಹೌದು ಹೌದು ಎಂದವು.

ಸ್ನಾಯುಗಳಿಗೆ ಮಾತು ಬಂದಾಗಿನಿಂದ ಯಾರ ಮನೆಯ ಸಾವೂ ಮರ್ಯಾದೆಯಿಂದ ಮುಗಿದಿರಲಿಲ್ಲ. ಅದರಲ್ಲೂ ಇಲ್ಲಿ ಮಾಸ್ತರರ ಹೆಂಡತಿ ಶಾಂತವ್ವ ಎದುರಿಗೇ ನಿಂತಿದ್ದಳು. ಪರಸಪ್ಪ ಭುಜದ ಮೇಲೆ ಟವೆಲ್ ಹಾಕಿ, "ಬಾಯಿ ಮುಚ್ಕೊಂಡು ಎತ್ತರಲೇ," ಎಂದು ಗದರಿದ.

ಆಗ ಚಟ್ಟದ ಮೇಲಿನಿಂದ ಎಳೆಯ ದನಿಯೊಂದು ಕೇಳಿತು. ಸತ್ತ ಮೇಲೂ ನಾಲ್ಕು ತಾಸು ಸ್ನಾಯುಗಳ ಬಾಯಿ ನಿಲ್ಲುವುದಿಲ್ಲ.

"ತಪ್ಪು ನಮ್ಮದಲ್ರಿ," ಎಂದಿತು ಮಾಸ್ತರರ ಬಲಭುಜ. "ನಾವು ದಿನಾ ತಯಾರ ಇರತಿದ್ವಿ. ಅವರಿಂದ ಅಪ್ಪಣಿನ ಬರಲಿಲ್ಲ. ಇನ್ನೂ ಹೊಸದರಂಗ ಅದೇವಿ."

ಶಾಂತವ್ವ ಸೆರಗಿನಿಂದ ಮೂಗೊರೆಸಿಕೊಂಡಳು. "ಆ ಕೈಗೆ ಕಟ್ಟಿದ ಹಗ್ಗ ಬಿಚ್ರಿ. ಅಪ್ಪಣಿ ನಾ ಕೊಡ್ತೀನಿ."

ಹೀಗೆ ಮಾಸ್ತರರು ಬಲಗೈ ಮೇಲೆತ್ತಿಕೊಂಡೇ ಪೇಟೆಯ ನಡುವೆ ಹೊರಟರು. ಚಹದಂಗಡಿಯವರು ಎದ್ದು ನಿಂತು ಕೈ ಎತ್ತಿದರು, ಕ್ಷೌರದ ಕುರ್ಚಿಯಲ್ಲಿದ್ದವನು ನೊರೆ ಮುಖದಲ್ಲೇ ಎತ್ತಿದ. ಮೂವತ್ತು ವರ್ಷ ಕಾದಿದ್ದ ಪರಸಪ್ಪನ ಭುಜಕ್ಕೂ ತಡೆಯಲಾಗಲಿಲ್ಲ. ಮುಂದೆ ಹೊತ್ತಿದ್ದ ಬಿದಿರನ್ನು ಬಿಟ್ಟು ಅದೂ ಕೈ ಎತ್ತಿತು.

ಚಟ್ಟ ಮುಂದಕ್ಕೆ ವಾಲಿತು. ಬದುಕಿದ್ದಾಗ ಯಾರಿಗೂ ಬಾಗದ ಮಾಸ್ತರರು ಇಡೀ ಪೇಟೆಗೆ ಬಾಗಿದರು.