ಇಬ್ಬರಿಗೊಂದು ಚಾಕ್

ಟೇಬಲ್ ಮೇಲೆ ಹೊಡೆಯಲು ಉಳಿದಿದ್ದದ್ದು ಕಪ್ಪು ಚೆಂಡೊಂದೇ. ಅದನ್ನು ಪಾಕೆಟ್ಟಿಗೆ ಬೀಳಿಸಿದವನಿಗೆ ಸ್ನೂಕರ್ ಚಾಂಪಿಯನ್ ಪಟ್ಟ. ಅಣ್ಣ ಹೊಡೆದ, ಚೆಂಡು ಪಾಕೆಟ್ಟಿನ ಬಾಯಿಗೆ ತಾಗಿ ವಾಪಸ್ಸು ಉರುಳಿತು. ಅವನು ತೆಪ್ಪಗೆ ಹೋಗಿ ಕುರ್ಚಿಯಲ್ಲಿ ಕೂತ. ಈ ಆಟದ ದೊಡ್ಡ ಶಿಕ್ಷೆಯೇ ಅದು. ಎದುರಾಳಿ ಆಡುವಷ್ಟು ಹೊತ್ತೂ ಬಾಯಿ ಮುಚ್ಚಿ ಕೂರಬೇಕು. ಎದುರಾಳಿ ಒಡಹುಟ್ಟಿದ ತಮ್ಮನಾದರಂತೂ ಕುರ್ಚಿಯೇ ಮುಳ್ಳು.

ಇಬ್ಬರಿಗೂ ಮಾತು ಬಿಟ್ಟು ಮೂರು ವರ್ಷ. ತಮ್ಮ ಮೊದಲ ಸಲ ಗೆದ್ದಾಗ ಟಿವಿಯವರು ಯಾರು ಕಲಿಸಿದ್ದು ಎಂದು ಕೇಳಿದ್ದರು. "ಯಾರೂ ಇಲ್ಲ, ನಾನೇ ಕಲಿತೆ" ಅಂದುಬಿಟ್ಟಿದ್ದ. ಕೋಲು ಹಿಡಿಯಲು ಕಲಿಸಿದ ಅಣ್ಣ ಅದನ್ನು ಊಟಕ್ಕೆ ಕೂತಲ್ಲಿ ಕೇಳಿಸಿಕೊಂಡ. ಅಂದಿನ ತುತ್ತು ಇನ್ನೂ ಗಂಟಲಿನಿಂದ ಇಳಿದಿಲ್ಲ.

ಆಟದ ಬಿಡುವಿನಲ್ಲಿ ಅಣ್ಣನ ಹೆಂಡತಿ ಬಂದು ಗೊಣಗಿದ್ದಳು. "ಒಂದ್ಮಾತು ಆಡಿದ್ರೆ ನಿಮ್ಮ ಗಂಟೇನ್ ಹೋಗುತ್ತೆ?"

"ತಾನೇ ಕಲಿತವನಲ್ವಾ? ಮಾತಾಡೋದನ್ನೂ ತಾನೇ ಕಲೀಲಿ."

"ನೀವು ಏತಿ ಅಂದ್ರೆ ಅವನು ಪ್ರೇತಿ. ನಿಮ್ಮಿಬ್ಬರ ಮಧ್ಯೆ ನಾನೊಬ್ಬಳು."

ಈಗ ತಮ್ಮ ಟೇಬಲ್ಲಿಗೆ ಒಂದು ಸುತ್ತು ಬಂದು, ಅಣ್ಣನ ಕುರ್ಚಿಗೇ ಬೆನ್ನು ಹಾಕಿ ನಿಂತ. ಕಷ್ಟದ ಹೊಡೆತ. ಕಪ್ಪು ಚೆಂಡಿನಿಂದ ಕಣ್ಣು ತೆಗೆಯದೆ ಎಡಗೈಯನ್ನು ಹಿಂದಕ್ಕೆ ಚಾಚಿದ.

ಅಣ್ಣನಿಗೆ ಕೂಡಲೇ ತಿಳಿಯಿತು. ಚಿಕ್ಕವರಿದ್ದಾಗ ಕೋಲಿನ ತುದಿಗೆ ಉಜ್ಜುವ ನೀಲಿ ಚಾಕ್ ಇಬ್ಬರಿಗೂ ಸೇರಿ ಒಂದೇ ತುಂಡು. ತಮ್ಮ ಕಳೆದುಬಿಡುತ್ತಾನೆಂದು ಅದು ಅಣ್ಣನ ಜೇಬಿನಲ್ಲೇ ಇರುತ್ತಿತ್ತು. ಕಷ್ಟದ ಹೊಡೆತ ಬಂದಾಗಲೆಲ್ಲ ಆ ಕೈ ಹೀಗೇ ಹಿಂದೆ ಬರುತ್ತಿತ್ತು. ಇವತ್ತು ತನ್ನ ಜೇಬಿನಲ್ಲೇ ಬೇರೆ ಚಾಕ್ ಇರುವುದು ತಮ್ಮನಿಗೆ ಮರೆತೇಹೋಗಿತ್ತು.

ಆ ಕೈಯನ್ನು ಹಾಗೇ ಖಾಲಿ ಬಿಟ್ಟಿದ್ದರೆ ಸಾಕಿತ್ತು. ಪೆಚ್ಚಾಗಿ, ಗಮನ ಕೆಟ್ಟು, ತಮ್ಮ ಖಂಡಿತ ಗುರಿ ತಪ್ಪುತ್ತಿದ್ದ. ಅಣ್ಣನಿಗೆ ಇದು ಹೊಳೆಯಿತು, ಆಸೆಯೂ ಆಯಿತು. ಆದರೂ ಚಾಕ್ ತೆಗೆದು ಆ ಅಂಗೈಯಲ್ಲಿಟ್ಟ.

ತಮ್ಮ ಎರಡು ಸಲ ಉಜ್ಜಿದವನು ತುಂಡನ್ನು ನೋಡಿದ. ಒಂದೇ ಮೂಲೆ ಸವೆದಿತ್ತು. ಹಾಗೆ ಸವೆಸುವುದು ಅಣ್ಣನ ಚಾಳಿ. ತಮ್ಮನ ಕಿವಿ ಕೆಂಪಾಯಿತು.

"ಏನಾದ್ರೂ ತೊಂದ್ರೆನಾ?" ರೆಫರಿ ಕೇಳಿದರು.

"ಇಲ್ಲ ಸರ್. ಹಳೇ ಅಭ್ಯಾಸ."

ಚಾಕನ್ನು ಜೇಬಿಗಿಳಿಸಿ, ಬಗ್ಗಿ ಹೊಡೆದ. ಕಪ್ಪು ಚೆಂಡು ನೆಟ್ಟಗೆ ಹೋಗಿ ಪಾಕೆಟ್ಟಿಗೆ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಅಣ್ಣನ ಹೆಂಡತಿಗೆ ಮಾತ್ರ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ.

ತಮ್ಮ ತಿರುಗಿ ನೋಡಲಿಲ್ಲ. ಹೊಡೆಯಲು ಇನ್ನು ಚೆಂಡೂ ಇರಲಿಲ್ಲ. ಆದರೂ ಅವನ ಎಡಗೈ ನಿಧಾನವಾಗಿ ಮತ್ತೊಮ್ಮೆ ಹಿಂದಕ್ಕೆ ಬಂತು.

ಕೊಡೋಣವೆಂದರೆ ಅಣ್ಣನ ಹತ್ತಿರ ಈಗ ಚಾಕ್ ಇರಲಿಲ್ಲ. ಅವನು ಎದ್ದು ಬಂದು, ನೀಲಿ ಪುಡಿ ಮೆತ್ತಿದ ಆ ಅಂಗೈಯಲ್ಲಿ ತನ್ನ ಕೈಯಿಟ್ಟ.